ಮೊಹರು ಹಿಡಿಯದ ಕಾಗದ

ನಮ್ಮದನ್ನು ಕಚೇರಿ ಅನ್ನುವುದು ಸ್ವಲ್ಪ ದೊಡ್ಡ ಮಾತೇ. ಔಷಧಿ ಅಂಗಡಿಯ ಮೇಲಿನ ಒಂದು ಕೋಣೆ, ಎರಡು ಮೇಜು, ಬಂದವರು ಕೂರಲು ಗೋಡೆಗೆ ಒರಗಿಸಿಟ್ಟ ಒಂದು ಉದ್ದ ಬೆಂಚು. ಬೆಂಚಿನ ಒಂದು ಕಾಲು ಗಿಡ್ಡ. ತುದಿಯಲ್ಲಿ ಕೂತವರು ಎದ್ದರೆ ಇನ್ನೊಂದು ತುದಿಯವರು ಬೆಚ್ಚಿಬೀಳುತ್ತಾರೆ. ಕಿಟಕಿಯ ಪಕ್ಕದ ಮೇಜು ನನ್ನದು. ಟೈಪು ಮಾಡುವುದು ನನ್ನ ಕೆಲಸ. ಒಳಗಿನ ಮೇಜು ಮೊಹರಕ್ಕನದು.

ಮೊಹರಕ್ಕ ಅನ್ನುವುದು ಬೀದಿಯವರು ಇಟ್ಟ ಹೆಸರು. ಪರದೇಶಕ್ಕೆ ಹೋಗುವವರ ಕಾಗದಪತ್ರಗಳನ್ನು ಆ ದೇಶದ ಭಾಷೆಗೆ ತಿರುಗಿಸಿ, ಇದು ಸರಿಯಾಗಿದೆ ಎಂದು ಸಹಿ ಹಾಕಿ ದುಂಡನೆಯ ಮೊಹರು ಒತ್ತುವ ಅಧಿಕಾರ ಅವರಿಗಿದೆ. ಆ ಮೊಹರನ್ನು ಅವರು ಮೇಜಿನಲ್ಲಿಟ್ಟು ಮನೆಗೆ ಹೋದವರಲ್ಲ. ಬಟ್ಟೆಯ ಚೀಲದಲ್ಲಿ ಹಾಕಿ, ಮನೆಯ ಬೀಗದ ಕೈಯಂತೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ.

ಚಿಕ್ಕ ವಯಸ್ಸಿನಲ್ಲಿ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಪರದೇಶದ ಕರೆಗಳನ್ನು ಇತ್ತ ಜೋಡಿಸುವುದು, ಅತ್ತ ಜೋಡಿಸುವುದು. ಆ ಭಾಷೆಯನ್ನು ಅವರು ಅಲ್ಲೇ ಕಲಿತರು. ಮೊದಲು ಅಂಕಿಗಳು ಬಂದವಂತೆ, ಆಮೇಲೆ ಬೈಗುಳ, ಕಡೆಗೆ ಸಮಾಧಾನದ ಮಾತು. ಎಕ್ಸ್‌ಚೇಂಜು ಮುಚ್ಚಿದ ಮೇಲೆ ಪರೀಕ್ಷೆ ಕಟ್ಟಿ ಅನುವಾದಕಿಯಾದರು. ಹಳೆಯ ಕೆಲಸದ ಒಂದು ಗುಣ ಮಾತ್ರ ಅವರನ್ನು ಬಿಡಲಿಲ್ಲ. ತಂತಿಯೊಳಗೆ ಹೋದ ಮಾತು ಆ ಕಡೆ ಬರಲೇಬೇಕು. ನಡುವೆ ಕೂತವರು ಅದಕ್ಕೆ ಉಪ್ಪು ಹಾಕಬಾರದು, ಖಾರ ತೆಗೆಯಬಾರದು. ಕಾಗದದಲ್ಲೂ ಅಷ್ಟೆ, ಸಂದರ್ಶನದಲ್ಲಿ ದುಭಾಷಿಯಾಗಿ ಕೂತಾಗಲೂ ಅಷ್ಟೆ.

ನಾನು ಹೇಳಹೊರಟಿರುವುದು ಆ ಗುಣ ಒಮ್ಮೆ ನಮ್ಮೆಲ್ಲರ ಉಸಿರು ನಿಲ್ಲಿಸಿದ ಸಂಗತಿ.

ಬೀದಿಯ ಕೊನೆಯಲ್ಲಿ ಫ್ರೇಮಣ್ಣನ ಅಂಗಡಿ. ಫೋಟೋಗೆ ಕಟ್ಟು ಹಾಕುವುದು, ಗಾಜು ಕತ್ತರಿಸುವುದು, ಕಾಗದಗಳಿಗೆ ಲ್ಯಾಮಿನೇಷನ್ ಮಾಡುವುದು ಅವನ ಕಸುಬು. ಹೆಂಡತಿ ಪರದೇಶದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ದಾದಿ. ಅವಳು ಹೋಗಿ ಎರಡು ವರ್ಷವಾಗಿತ್ತು. ಇಲ್ಲಿ ಉಳಿದವರು ಫ್ರೇಮಣ್ಣ, ಅವನ ಅತ್ತೆ, ಮತ್ತು ಬಟಾಣಿ ಎಂದು ಎಲ್ಲರೂ ಕರೆಯುವ ಮಗಳು. ಅಮ್ಮ ಹೋದಾಗ ಬಟಾಣಿ ಇನ್ನೂ ತೊದಲುತ್ತಿದ್ದಳು. ಈಗ ಅವಳ ಲೆಕ್ಕದಲ್ಲಿ ಅಮ್ಮನೆಂದರೆ ಫೋನಿನಷ್ಟೇ ಗಾತ್ರ. ಒಂದು ದಿನ ನನ್ನನ್ನೇ ಕೇಳಿದಳು: "ಆಂಟಿ, ನಮ್ಮಮ್ಮಂಗೆ ಕಾಲಿದೆಯಾ?"

ಅಪ್ಪ ಮಗಳಿಬ್ಬರಿಗೂ ಕುಟುಂಬದ ವೀಸಾ ಸಿಕ್ಕರೆ ಹೊಸ ಶಾಲಾ ವರ್ಷಕ್ಕೆ ಅಲ್ಲಿರಬಹುದು. ತಿರಸ್ಕಾರವಾದರೆ ಇನ್ನೊಂದು ವರ್ಷ ಅರ್ಜಿ ಹಾಕುವಂತಿಲ್ಲ.

ಫ್ರೇಮಣ್ಣ ಮೊದಲ ಸಲ ನಮ್ಮ ಮೆಟ್ಟಿಲು ಹತ್ತಿದ್ದು ಅತ್ತೆಯನ್ನು ಮುಂದಿಟ್ಟುಕೊಂಡು. ಅತ್ತೆ ಬೆಂಚಿನ ಮೇಲೆ ಕೂತು, ಬೆಂಚು ವಾಲಿದ್ದಕ್ಕೆ ಅದನ್ನೊಮ್ಮೆ ಬೈದು, ಚೀಲದಿಂದ ಕಾಗದಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಮದುವೆಯ ನೋಂದಣಿ ಪತ್ರ, ಬಟಾಣಿಯ ಜನನ ಪತ್ರ, ಫ್ರೇಮಣ್ಣನ ಶಾಲೆಯ ಪ್ರಮಾಣಪತ್ರ. ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಒಂದೊಂದೂ ಪ್ಲಾಸ್ಟಿಕ್ಕಿನೊಳಗೆ ಮೀನಿನಂತೆ ಮಲಗಿತ್ತು.

ಮೊಹರಕ್ಕ ಕನ್ನಡಕ ಏರಿಸಿ ನೋಡಿದರು. "ಏನಪ್ಪ ಇದು, ಎಲ್ಲಾದಕ್ಕೂ ಹೊದಿಕೆ ಹೊದಿಸಿಬಿಟ್ಟಿದೀಯ?"

"ಹಾಳಾಗ್ಬಾರ್ದು ಅಂತ ಅಕ್ಕ. ಒಳ್ಳೇ ದಪ್ಪ ಶೀಟು. ನೀರಲ್ಲಿ ನೆನೆಸಿದ್ರೂ ಏನೂ ಆಗಲ್ಲ."

"ನೀರಲ್ಲಿ ಯಾಕಪ್ಪ ನೆನೆಸ್ತಾರೆ ಮದುವೆ ಪತ್ರಾನ?"

ಅತ್ತೆ ಅದಕ್ಕೇ ಕಾದವರಂತೆ ಬಾಯಿ ಹಾಕಿದರು. "ಅಯ್ಯೋ, ಕೇಳ್ಬೇಡಿ ಇವರ ವಿಷಯ. ಚಪ್ಪಟೆಯಾಗಿರೋದು ಏನು ಕಣ್ಣಿಗೆ ಬಿದ್ರೂ ಅಳಿಯಂದ್ರ ಕೈ ತುರಿಸುತ್ತೆ. ಬಸ್ಸಿನ ವೇಳಾಪಟ್ಟಿ, ಮಾತ್ರೆ ಡಬ್ಬಿ ಒಳಗಿನ ಚೀಟಿ, ಹಾಲಿನವನ ಫೋನ್ ನಂಬರು, ಎಲ್ಲಾ ಲ್ಯಾಮಿನೇಷನ್ನು. ನಾನು ದಪ್ಪಗಿರೋದಕ್ಕೆ ಬಚಾವಾಗಿದೀನಿ. ಸಪೂರ ಇದ್ದಿದ್ರೆ ಎಂದೋ ಮಿಷನ್ನಿಗೆ ಹಾಕಿರೋರು."

"ಅತ್ತೆ!" ಅಂದ ಫ್ರೇಮಣ್ಣ, ಕಿವಿ ಕೆಂಪಗೆ ಮಾಡಿಕೊಂಡು.

ಮೊಹರಕ್ಕ ನಗಲಿಲ್ಲ. ಆ ದೇಶದವರ ನಿಯಮ ಬೇರೆ. ಮೂಲ ಪತ್ರದ ಅಂಚನ್ನೂ ಅನುವಾದದ ಅಂಚನ್ನೂ ಒಂದರ ಮೇಲೊಂದು ಇಟ್ಟು, ಅರ್ಧ ಮೊಹರು ಇದರ ಮೇಲೆ, ಅರ್ಧ ಅದರ ಮೇಲೆ ಬೀಳುವಂತೆ ಒತ್ತಬೇಕು. ಹೇಳಿ ತಿಳಿಸುವ ಬದಲು ಅವರು ಸೊಂಟದ ಚೀಲ ಬಿಚ್ಚಿ, ಒಂದು ಬಿಳಿ ಹಾಳೆಯನ್ನು ಮದುವೆ ಪತ್ರದ ಅಂಚಿಗಿಟ್ಟು ಒತ್ತಿ ತೋರಿಸಿದರು. ಹಾಳೆಯ ಮೇಲೆ ಅರ್ಧಚಂದ್ರ ಅಚ್ಚುಕಟ್ಟಾಗಿ ಮೂಡಿತು. ಪ್ಲಾಸ್ಟಿಕ್ಕಿನ ಮೇಲೆ ಶಾಯಿ ತಾವರೆ ಎಲೆಯ ಮೇಲಿನ ನೀರಿನಂತೆ ಗುಂಡಗಾಗಿ, ಜಾರಿ, ನನ್ನ ಮೇಜಿನ ಕಡೆ ಹರಿಯಿತು.

"ನೋಡಿದ್ಯಾ?" ಎಂದರು. "ಮೊಹರು ಹಿಡೀತಿಲ್ಲ. ಇದಕ್ಕೆ ಏನೂ ಅಂಟಲ್ಲ, ನಾನು ಏನು ಮಾಡ್ಲಿ?"

ಫ್ರೇಮಣ್ಣ ತನ್ನ ಕೈಯಿಂದಲೇ ಮಗುವಿಗೆ ಪೆಟ್ಟಾದವನಂತೆ ನಿಂತ. ಅತ್ತೆ ಮಾತ್ರ ಸೋಲುವ ಪೈಕಿಯಲ್ಲ. ಮನೆಗೆ ಹೋದವರೇ ಇಸ್ತ್ರಿಪೆಟ್ಟಿಗೆ ಕಾಯಿಸಿ, ಬಿಸಿಗೆ ಪ್ಲಾಸ್ಟಿಕ್ ಬಿಟ್ಟುಕೊಳ್ಳುತ್ತದೆಂದು ಅಳಿಯನ ಶಾಲೆಯ ಪತ್ರದ ಮೇಲೆ ಪ್ರಯೋಗ ಮಾಡಿದರು. ಪ್ಲಾಸ್ಟಿಕ್ ಬಿಟ್ಟುಕೊಂಡಿತು, ಅಕ್ಷರಗಳನ್ನೂ ಜೊತೆಗೇ ಕರೆದುಕೊಂಡು. ಮರುದಿನ ಅದನ್ನು ತಂದು ತೋರಿಸಿ, "ಹೋಗ್ಲಿ ಬಿಡಿ, ಗಣಿತದಲ್ಲಿ ಅಷ್ಟೇನೂ ಒಳ್ಳೇ ಅಂಕ ಇರ್ಲಿಲ್ಲ" ಎಂದರು.

ನೋಂದಣಿ ಕಚೇರಿಗೂ ಶಾಲೆಗೂ ಅಲೆದು ಹೊಸ ನಕಲುಗಳನ್ನು ಪಡೆಯಬೇಕಾಯಿತು. ನಕಲು ಕೈಗೆ ಬಂದ ದಿನ ಫ್ರೇಮಣ್ಣ ಅದನ್ನು ಸುಡುವ ಪಾತ್ರೆಯಂತೆ ಮೈಯಿಂದ ದೂರ ಹಿಡಿದುಕೊಂಡು ತನ್ನ ಅಂಗಡಿಯ ಮುಂದೆಯೇ ಹಾದುಬಂದ. ಪಕ್ಕದಲ್ಲಿ ಅತ್ತೆಯ ಕಾವಲು. "ಅಂಗಡಿ ಕಡೆ ತಿರುಗಿ ಕೂಡ ನೋಡ್ಲಿಲ್ಲ, ಪಾಪ" ಎಂದು ಅವರೇ ಪ್ರಮಾಣ ಮಾಡಿದರು.

ಅನುವಾದ ಮುಗಿದ ಮೇಲೆ ಅದನ್ನು ಸಂಬಂಧಪಟ್ಟವರಿಗೆ ಅವರ ಭಾಷೆಯಲ್ಲೇ ಓದಿ ಹೇಳದೆ ಮೊಹರಕ್ಕ ಮೊಹರು ಮುಟ್ಟುವುದಿಲ್ಲ. ಅವತ್ತೂ ಮೂವರನ್ನು ಬೆಂಚಿನ ಮೇಲೆ ಕೂರಿಸಿ ಮದುವೆಯ ಪತ್ರ ಓದಿದರು. ವರನ ಉದ್ಯೋಗ, ಸ್ವಂತ ಅಂಗಡಿ. ವಧುವಿನ ಉದ್ಯೋಗ, ಇಲ್ಲ.

"ಇಲ್ಲ ಅಂತಿದೆಯಾ?" ಅತ್ತೆಯ ದನಿ ಸಣ್ಣಗಾಯಿತು. "ಬರೆಸಿದ್ದು ನಾನೇ. ಮದುವೆಯಾದ್ಮೇಲೆ ತಾನೇ ಅವಳು ದಾದಿ ಓದು ಓದಿದ್ದು, ಇವರು ಓದಿಸಿದ್ದು. ಮೊಹರಕ್ಕ, ಅಲ್ಲಿ ದಾದಿ ಅಂತ ಹಾಕಿಬಿಡಿ. ಈಗ ನಿಜ ತಾನೇ?"

"ಈಗ ನಿಜ. ಪತ್ರದಲ್ಲಿ ಇಲ್ಲ ಅಂತಿದ್ರೆ ನಾನೂ ಇಲ್ಲ ಅಂತಾನೇ ಬರೀಬೇಕು, ಅಮ್ಮ."

"ಒಂದು ಪದ ಅಲ್ವೇ?"

"ಒಂದು ಪದಾನೇ."

ಅತ್ತೆ ಮುಖ ಊದಿಸಿಕೊಂಡರು. ಮೊಹರು ಈ ಸಲ ಎರಡೂ ಕಾಗದಗಳ ಮೇಲೆ ಕಣ್ಣು ತೆರೆದಂತೆ ಕೂತಿತು. ಬಟಾಣಿ ಬೆರಳಿನಿಂದ ಒತ್ತಿ ಒತ್ತಿ ನೋಡಿ, ಬೆರಳೆಲ್ಲ ನೇರಳೆ ಮಾಡಿಕೊಂಡಳು.

ಸಂದರ್ಶನದ ದಿನ ಗೊತ್ತಾಯಿತು. ಇದು ನಿಜವಾದ ಸಂಸಾರವೋ, ವೀಸಾಕ್ಕಾಗಿ ಹೂಡಿದ್ದೋ ಎಂದು ತಿಳಿಯಲು ಗಂಡನನ್ನು ಇಲ್ಲಿ, ಹೆಂಡತಿಯನ್ನು ಅಲ್ಲಿ ಬೇರೆಬೇರೆಯಾಗಿ ಪ್ರಶ್ನೆ ಕೇಳುತ್ತಾರೆ. ಫ್ರೇಮಣ್ಣ ಸ್ವಭಾವತಃ ಮಾತು ಕಡಿಮೆ. ಹೊಸಬರ ಎದುರು ನಾಲಿಗೆ ಒಣಗುತ್ತದೆ. ಅತ್ತೆ ಅಳಿಯನನ್ನು ತಯಾರು ಮಾಡಲು ಟೊಂಕ ಕಟ್ಟಿದರು. ಏನು ಕೇಳಬಹುದೆಂದು ಅವರಿವರಲ್ಲಿ ವಿಚಾರಿಸಿ, ತಮಗೆ ತಿಳಿದ ಅತ್ಯಂತ ಮರ್ಯಾದಸ್ಥ ಕನ್ನಡದಲ್ಲಿ ಉತ್ತರ ಬರೆದರು. ಫ್ರೇಮಣ್ಣ ಬಾಯಿಪಾಠ ಮಾಡಿದ. ಸ್ನಾನದ ಮನೆಯಲ್ಲೂ ಓದಲು ಅನುಕೂಲವಾಗಲೆಂದು ಆ ಹಾಳೆಗೆ ಲ್ಯಾಮಿನೇಷನ್ ಮಾಡಿ ನಲ್ಲಿಯ ಮೇಲೆ ನೇತುಹಾಕಿದ.

ನಮ್ಮ ಕೋಣೆಗೆ ಬಂದು ಒಪ್ಪಿಸಿದಾಗ ಮೊಹರಕ್ಕ ಕೊನೆಯವರೆಗೂ ಕೇಳಿದರು. ಆಮೇಲೆ, "ಉತ್ತರಕ್ಕೂ ಪ್ಲಾಸ್ಟಿಕ್ ಹಾಕಿಬಿಟ್ರಲ್ಲಪ್ಪ" ಎಂದರು.

"ಚೆನ್ನಾಗಿಲ್ವಾ ಅಕ್ಕ?"

"ಚೆನ್ನಾಗಿದೆಯೋ ಇಲ್ವೋ ಹೇಳೋದು ನನ್ನ ಕೆಲಸ ಅಲ್ಲ. ಒಂದು ಮಾತು ನೆನಪಿಟ್ಕೋ. ಆ ಕೋಣೆ ಒಳಗೆ ನೀನು ಏನೇ ಅಂದ್ರೂ ಅದು ಆ ಕಡೆ ಹೋಗುತ್ತೆ. ಗೊಣಗಿದ್ರೂ ಹೋಗುತ್ತೆ."

ಆತ ತಲೆಯಾಡಿಸಿದ. ಕೇಳಿಸಿಕೊಂಡನೆಂದು ನನಗನ್ನಿಸಲಿಲ್ಲ, ತುಟಿ ಇನ್ನೂ ಬಾಯಿಪಾಠದಲ್ಲೇ ಅಲುಗಾಡುತ್ತಿತ್ತು.

ಸಂದರ್ಶನದ ದಿನ ವೀಸಾ ಕಚೇರಿಗೆ ನಾನೂ ಜೊತೆಗೆ ಹೋಗಿದ್ದೆ. ನೆಲಕ್ಕೆ ಮೊಳೆ ಹೊಡೆದ ಕುರ್ಚಿಗಳ ಸಾಲು, ನೀರಿನ ಕ್ಯಾನಿನ ಪಕ್ಕದಲ್ಲಿ ಕಾಗದದ ಲೋಟಗಳು, ಮುಚ್ಚಿದ ಬಾಗಿಲು. ಮೊಹರಕ್ಕನೂ ಫ್ರೇಮಣ್ಣನೂ ಒಳಗೆ ಹೋದರು. ಹೊರಗೆ ನಾನು, ಅತ್ತೆ, ಬಟಾಣಿ. ಮಗು ಲೋಟಗಳನ್ನು ಒಂದರೊಳಗೊಂದು ಸೇರಿಸಿ ಆಡುತ್ತಿತ್ತು. ನಾನು ಕಣ್ಣು ಮುಚ್ಚಿ ನನಗೆ ಬರುವ ಎರಡು ಸಾಲಿನ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳಿಕೊಂಡೆ. ಅತ್ತೆ ಒಮ್ಮೆ ಬಗ್ಗಿ, "ನನ್ನ ಪರವಾಗೂ ಸೇರಿಸ್ಕೊಳ್ಳಿ, ನಂಗೆ ಇವತ್ತು ಎಲ್ಲಾ ಮರೆತುಹೋಗಿದೆ" ಎಂದರು. ಸೇರಿಸಿಕೊಂಡೆ. ದೇವರಿಗೇನು, ಸಾಲು ಎರಡೇ ಆದರೂ ಎಷ್ಟು ಜನ ಬೇಕಾದರೂ ಹಿಡಿಸುತ್ತಾರೆ.

ಒಳಗೆ ನಡೆದದ್ದನ್ನು ಮೊಹರಕ್ಕ ಇವತ್ತಿಗೂ ಬಾಯಿಬಿಟ್ಟಿಲ್ಲ. ನಾನು ಬರೆಯುತ್ತಿರುವುದು ಫ್ರೇಮಣ್ಣನ ಬಾಯಿಂದ ಕೇಳಿದ್ದು.

ಮೇಜಿನಾಚೆ ಕೂತ ಅಧಿಕಾರಿ ಹೆಂಗಸಿಗೆ ಜೋರು ನೆಗಡಿ. ಮೂಗು ಒರೆಸಿಕೊಳ್ಳುತ್ತಲೇ ಮೊದಲ ಪ್ರಶ್ನೆ ಕೇಳಿದರು: ನಿಮ್ಮ ದಾಂಪತ್ಯ ಹೇಗಿದೆ?

ಫ್ರೇಮಣ್ಣ ಬೆನ್ನು ನೆಟ್ಟಗೆ ಮಾಡಿ, "ನಮ್ಮ ದಾಂಪತ್ಯವು ಪರಸ್ಪರ ಪ್ರೀತಿ, ಗೌರವ ಹಾಗೂ ನಂಬಿಕೆಗಳ ತಳಹದಿಯ ಮೇಲೆ ನಿಂತಿದೆ" ಎಂದ. ಮೊಹರಕ್ಕ ಅದನ್ನು ಅಷ್ಟೇ ನೆಟ್ಟಗೆ ಆ ಭಾಷೆಯಲ್ಲಿ ನಿಲ್ಲಿಸಿದರು.

ಹೆಂಡತಿಗೆ ಏನು ಇಷ್ಟ?

"ಕುಟುಂಬದ ಶ್ರೇಯಸ್ಸು."

ಅಧಿಕಾರಿಯ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಅವರು ಕುರ್ಚಿಗೆ ಒರಗಿ ಈತನನ್ನೇ ನೋಡಿದರು. ಕಡೆಯ ಸಲ ಯಾವಾಗ ಜಗಳ ಆಡಿದಿರಿ?

"ವಿವಾಹವಾದಂದಿನಿಂದ ನಾವು ಜಗಳವೆಂಬುದನ್ನೇ ಅರಿಯೆವು."

ಅಧಿಕಾರಿ ಒಂದು ಹಾಳೆ ಮಗುಚಿದರು. "ನಿಮ್ಮ ಹೆಂಡತಿಯನ್ನೂ ಇದೇ ಪ್ರಶ್ನೆ ಕೇಳಿದೀವಿ. ಅವರು ಹಾಗೆ ಹೇಳಿಲ್ಲ."

ಫ್ರೇಮಣ್ಣನಿಗೆ ನಲ್ಲಿಯ ಮೇಲಿನ ಹಾಳೆ ಪೂರ್ತಿ ಅಳಿಸಿಹೋಯಿತು. ತಲೆ ತಗ್ಗಿಸಿ, ತನ್ನ ಅಂಗಿಯ ಗುಂಡಿಗಷ್ಟೇ ಕೇಳುವಂತೆ ಗೊಣಗಿದ: "ಅಯ್ಯೋ ದೇವರೇ, ಆ ಅಂಗೈ ವಿಷಯಾನ ಅಲ್ಲೂ ಹೇಳಿಬಿಟ್ಟಳಾ ಇವಳು!"

ಮೊಹರಕ್ಕ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದರಂತೆ. ಆ ಮಾತು ಆಚೆ ಹೋದರೆ ಈತ ಈಗಷ್ಟೇ ಹೇಳಿದ್ದು ಸುಳ್ಳೆಂದು ತಾನೇ ಒಪ್ಪಿಕೊಂಡಂತೆ. ಗುಂಡಿಗೆ ಹೇಳಿದ್ದು, ಅಧಿಕಾರಿಗಲ್ಲ. ನುಂಗಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಮೇಲೆ ಅವರು ಅಧಿಕಾರಿಯ ಕಡೆ ತಿರುಗಿ, ಅಯ್ಯೋ ದೇವರೇ ಎಂಬುದರಿಂದ ಹಿಡಿದು ಅಷ್ಟನ್ನೂ ಹೇಳಿದರು.

"ಅದನ್ನೂ ಹೇಳಿಬಿಟ್ರಾ ಅಕ್ಕ?" ಫ್ರೇಮಣ್ಣ ಬೆಚ್ಚಿ ಕೇಳಿದ.

ಮೊಹರಕ್ಕ ಅದನ್ನೂ ಅನುವಾದಿಸಿದರು.

"ಅಕ್ಕಾ, ಸಾಕು!"

ಅದೂ ಆ ಕಡೆ ಹೋಯಿತು, ಅದೇ ದನಿಯಲ್ಲಿ.

ಅಧಿಕಾರಿಗೆ ನಗುವೂ ಸೀನೂ ಒಟ್ಟಿಗೇ ಬಂದು, ಕಣ್ಣಲ್ಲಿ ನೀರು ತುಂಬಿ, ಸುಧಾರಿಸಿಕೊಂಡ ಮೇಲೆ ಕೇಳಿದರು: ಅಂಗೈ ವಿಷಯ ಅಂದರೇನು?

ಇನ್ನು ಬಚ್ಚಿಡಲು ಏನೂ ಉಳಿದಿರಲಿಲ್ಲ. ಬಟಾಣಿ ಅಮ್ಮನ ಹುಟ್ಟಿದಹಬ್ಬಕ್ಕೆಂದು ನೀಲಿ ಬಣ್ಣದಲ್ಲಿ ಅಂಗೈ ಅದ್ದಿ ಕಾಗದದ ಮೇಲೆ ಒತ್ತಿದ್ದಳು. ಫ್ರೇಮಣ್ಣ ಅದಕ್ಕೆ ಅತಿ ದಪ್ಪ ಶೀಟು ಹಾಕಿ ಲ್ಯಾಮಿನೇಷನ್ ಮಾಡಿ ಅಂಚೆಗೆ ಹಾಕಿದ್ದ. ತಲುಪಿದ ದಿನ ಹೆಂಡತಿ ಫೋನು ಮಾಡಿದಳು.

"ಏನಂದ್ಳು ಗೊತ್ತಾ ಮೇಡಂ? 'ರೀ, ಮಗಳ ಕೈ ಮೇಲೆ ಕೈ ಇಡೋಣ ಅಂತ ಆಸೆಯಿಂದ ತೆಗೆದ್ರೆ ಪ್ಲಾಸ್ಟಿಕ್ ಸಿಕ್ತು. ದಿನಾ ಫೋನಿನ ಗಾಜು ಮುಟ್ಟಿ ಮುಟ್ಟಿ ಸಾಕಾಗಿದೆ ನಂಗೆ. ಅದಕ್ಕೂ ಗಾಜು ಹಾಕೇ ಕಳಿಸಿದ್ರಾ?' ಅಂದ್ಳು. ಫೋನ್ ಇಟ್ಟುಬಿಟ್ಳು. ಆಮೇಲೆ ಮೂರು ದಿನ ಮಾತೇ ಇಲ್ಲ. ಅವಳು ಹೇಳಿದ್ದು ಸರಿ ಮೇಡಂ. ಆದ್ರೆ ನಂಗೆ ಬರೋದು ಅದೊಂದೇ. ಪ್ರೀತಿ ಬಂದ್ರೆ ಲ್ಯಾಮಿನೇಷನ್ ಮಾಡಿಬಿಡ್ತೀನಿ."

ಅಧಿಕಾರಿ ಈ ಸಲ ನಗಲಿಲ್ಲ. ಮೂಗು ಒರೆಸಿಕೊಂಡು, ಅವಳಿಗೆ ಏನು ಇಷ್ಟ ಎಂದು ಮತ್ತೆ ಕೇಳಿದರು. ಆಮೇಲೆ ಫ್ರೇಮಣ್ಣನನ್ನು ಹಿಡಿಯುವವರೇ ಇರಲಿಲ್ಲ. ಚಳಿಯಲ್ಲೂ ಕಿಟಕಿ ತೆರೆದೇ ಮಲಗುವುದು, ತಣ್ಣನೆಯ ಪಾದ ತಂದು ತನ್ನ ಕಾಲಿಗೆ ಒತ್ತುವುದು, ಪಾತ್ರೆ ತೊಳೆಯುವಾಗ ಅಪಸ್ವರದಲ್ಲಿ ಹಾಡುವುದು, ಈಗ ಪಾತ್ರೆಯೇನೋ ತಾನೇ ತೊಳೆಯುತ್ತಿರುವುದು, ಆದರೆ ಹಾಡು ಬಾರದಿರುವುದು. ನಡುವೆ ಮೊಹರಕ್ಕ ಕೈಯೆತ್ತಿ ತಡೆದು ನೀರು ಕುಡಿಯಬೇಕಾಯಿತಂತೆ.

ಇಷ್ಟೆಲ್ಲ ನಮಗೆ ತಿಳಿದದ್ದು ಆಮೇಲೆ. ಅವತ್ತು ಬಾಗಿಲು ತೆರೆದಾಗ ಕಂಡದ್ದು ಬೆವರಿನಲ್ಲಿ ತೊಯ್ದ ಫ್ರೇಮಣ್ಣ.

"ಏನಾಯ್ತು ಅಳಿಯಂದ್ರೇ? ನಾನು ಬರೆದುಕೊಟ್ಟಿದ್ದು ಹೇಳಿದ್ರಿ ತಾನೇ?"

"ಹೇಳಿದೆ ಅತ್ತೆ. ಹೇಳಿದ್ದೇ ತಪ್ಪಾಯ್ತು. ಜಗಳ ಆಡಿಲ್ಲ ಅಂದೆ, ಅವಳು ಆಡಿದೀವಿ ಅಂದಿದಾಳೆ. ನಾನು ಏನೋ ಗೊಣಗಿದೆ, ಮೊಹರಕ್ಕ ಅದನ್ನೂ ಹೇಳಿಬಿಟ್ರು."

"ಆಮೇಲೆ?"

"ತಿಳಿಸ್ತೀವಿ, ಹೋಗಿ ಅಂದ್ರು."

ಅತ್ತೆ ಮೊಹರಕ್ಕನ ಕಡೆ ತಿರುಗಿದರು. "ಒಂದು ಮಾತು ನುಂಗಿಕೊಂಡಿದ್ರೆ ನಿಮಗೆ ಅಜೀರ್ಣ ಆಗ್ತಿತ್ತಾ?"

ಮೊಹರಕ್ಕ ಸೊಂಟದ ಚೀಲ ಸರಿಮಾಡಿಕೊಂಡು ಹೊರಗೆ ನಡೆದರು. ಬಸ್ಸಿನಲ್ಲಿ ಅತ್ತೆ ಬಟಾಣಿಯನ್ನು ಎಳೆದುಕೊಂಡು ಹೋಗಿ ಎಲ್ಲರಿಗಿಂತ ಹಿಂದಿನ ಸೀಟಿನಲ್ಲಿ ಕೂತರು. ಆಮೇಲಿನ ದಿನಗಳಲ್ಲಿ ನಮ್ಮ ಮೆಟ್ಟಿಲ ಕಡೆ ಸುಳಿಯಲಿಲ್ಲ. ಔಷಧಿ ಅಂಗಡಿಗೆ ಬಂದರೂ ತಲೆಯೆತ್ತದೆ ಹೋಗುತ್ತಿದ್ದರು. ಆದರೆ ತಲೆಯೆತ್ತುತ್ತಿಲ್ಲವೆಂದು ನಮಗೆ ಕಾಣುವಂತೆ ನಿಧಾನವಾಗಿ ಹೋಗುತ್ತಿದ್ದರು.

ನನಗೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ. "ಅಕ್ಕ, ಆ ಮಗುವಿನ ಮುಖ ನೋಡಿಯಾದ್ರೂ..."

ಮೊಹರಕ್ಕ ಪೆನ್ನು ಕೆಳಗಿಟ್ಟರು. "ನಾನು ಒಂದು ನುಂಗಿದ್ರೆ, ಮಿಕ್ಕಿದ್ದನ್ನ ಆ ಅಧಿಕಾರಿಯಮ್ಮ ಯಾಕೆ ನಂಬಬೇಕು ಹೇಳು?" ಎಂದರು. ಮತ್ತೆ ಪೆನ್ನು ಎತ್ತಿಕೊಳ್ಳುತ್ತಾ, ತಗ್ಗಿದ ದನಿಯಲ್ಲಿ, "ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ಆ ಮಗೂನ ಸೇರಿಸ್ಕೋ. ನಾನೂ ಸೇರಿಸ್ಕೋತಿದೀನಿ" ಎಂದರು. ಅವರು ಹಾಗೆ ಕೇಳಿದ್ದು ಅದೇ ಮೊದಲು. ನಾನು ಆಗಲೇ ಸೇರಿಸಿಕೊಂಡಿದ್ದೆನೆಂದು ಹೇಳಲಿಲ್ಲ.

ಮುಂದಿನ ವಾರ ಮೆಟ್ಟಿಲ ಮೇಲೆ ಏದುಸಿರಿನ ಸದ್ದು ಕೇಳಿಸಿತು. ಅತ್ತೆ ಬಾಗಿಲಲ್ಲಿ ನಿಂತು, ಚೌಕಟ್ಟು ಹಿಡಿದುಕೊಂಡು, ಮಾತು ಹೊರಡದೆ ಬೆರಳಿನಿಂದ ಆಕಾಶ ತೋರಿಸಿದರು. ಯಾರೋ ತೀರಿಕೊಂಡರೆಂದು ನಾನು ಎದ್ದುನಿಂತೆ.

"ವಿಮಾನ!" ಎಂದರು ಉಸಿರು ಸಿಕ್ಕ ಮೇಲೆ. "ವಿಮಾನ ಹತ್ತುತ್ತೆ ನಮ್ಮ ಬಟಾಣಿ! ಇಬ್ಬರದೂ ಆಯ್ತು!"

ನೇರ ಬಂದು ಮೊಹರಕ್ಕನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು. ಹೋದ ವಾರ ಮಣ್ಣು ಹಾಕ್ಬೇಕು ಅಂದ್ಕೊಂಡಿದ್ದೆ, ಸುಳ್ಳು ಯಾಕೆ ಹೇಳ್ಲಿ."

"ಎರಡೂ ಬೇಡ. ಕೂತ್ಕೊಳ್ಳಿ ಮೊದಲು," ಎಂದರು ಮೊಹರಕ್ಕ. ಅವರ ಕನ್ನಡಕ ಮಂಜಾಗಿತ್ತು.

ಹಿಂದೆಯೇ ಫ್ರೇಮಣ್ಣ ಬಂದ, ಹೆಗಲ ಮೇಲೆ ಬಟಾಣಿ. ಮೊಹರಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, "ಪಾಸ್‌ಪೋರ್ಟ್ ಎಲ್ಲಿ? ಮಿಷನ್ ಆಫ್ ಮಾಡಿ ಬಂದಿದೀಯ ತಾನೇ?" ಎಂದರು.

"ಅತ್ತೆ ಪ್ಲಗ್ಗೇ ಕಿತ್ತು ಬಚ್ಚಿಟ್ಟಿದಾರೆ ಅಕ್ಕ."

ಅಂಗಡಿಯ ಗತಿಯೇನೆಂದು ನಾನು ಕೇಳಿದೆ. ಅತ್ತೆ ಎದೆಯುಬ್ಬಿಸಿದರು. "ನಾನಿಲ್ವಾ? ಗಾಜು ಕತ್ತರಿಸೋಕೆ ಒಬ್ಬನ್ನ ಇಟ್ಕೋತೀನಿ. ಮಿಷನ್ನು ನಂದೇ. ಇಷ್ಟು ವರ್ಷ ನೋಡಿದೀನಿ, ಏನ್ ಮಹಾ ವಿದ್ಯೆ ಅದು!"

"ಅಲ್ಲಿಗೆ ಏನು ತಗೊಂಡು ಹೋಗ್ತೀಯಪ್ಪ?" ಎಂದು ಮೊಹರಕ್ಕ ಕೇಳಿದಾಗ ಫ್ರೇಮಣ್ಣ ಮಗಳನ್ನು ಕೆಳಗಿಳಿಸಿ ಅವಳ ಮಣಿಕಟ್ಟು ಹಿಡಿದು ಎತ್ತಿ ತೋರಿಸಿದ. "ಈ ಸಲ ಕೈಯನ್ನೇ ತಗೊಂಡು ಹೋಗ್ತಿದೀನಿ ಅಕ್ಕ."

ಆ ಕೈ ಅಷ್ಟರಲ್ಲಿ ಸುಮ್ಮನಿರಲಿಲ್ಲ. ಮೇಜಿನ ಮೇಲೆ ತೆರೆದಿದ್ದ ಶಾಯಿಯ ಪ್ಯಾಡಿನ ಮೇಲೆ ಬಟಾಣಿ ಅಂಗೈ ಒತ್ತಿದಳು. ಅತ್ತೆ ಹಾಂ ಹಾಂ ಎನ್ನುವಷ್ಟರಲ್ಲಿ ನನ್ನ ಟೈಪಿನ ಬಿಳಿ ಹಾಳೆಯೊಂದರ ಮೇಲೆ ನೇರಳೆ ಬಣ್ಣದ ಪುಟ್ಟ ಕೈ ಮೂಡಿತ್ತು. ಹೆಬ್ಬೆರಳು ಕೊಂಚ ಜಾರಿತ್ತು. ಮೊಹರಕ್ಕ ಅದನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು, ಶಾಯಿ ಆರುವವರೆಗೂ ಊದಿದರು.

ಅವರು ಹೋಗಿ ಈಗ ಬಹಳ ತಿಂಗಳಾಯಿತು. ಆ ಹಾಳೆ ಮೊಹರಕ್ಕನ ಮೇಜಿನ ಹಿಂದಿನ ಗೋಡೆಯ ಮೇಲೆ ಒಂದೇ ಪಿನ್ನಿನಲ್ಲಿ ನಿಂತಿದೆ. ಅಂಚುಗಳು ಸುರುಳಿಯಾಗಿವೆ, ಬಣ್ಣ ಸ್ವಲ್ಪ ಮಾಸಿದೆ, ಬೇಸಿಗೆಯಲ್ಲಿ ಒಂದು ನೊಣ ಕೂತು ಗುರುತು ಮಾಡಿ ಹೋಗಿದೆ. ಅತ್ತೆ ದಿನವೂ ಅಂಗಡಿ ತೆರೆಯುವ ಮೊದಲು ಮೆಟ್ಟಿಲು ಹತ್ತಿ ಬಂದು, ಬೆಂಚನ್ನು ಬೈದು ಕೂತು, ಮೊಮ್ಮಗಳ ಸುದ್ದಿ ಹೇಳುತ್ತಾರೆ. ಬಟಾಣಿ ಅಲ್ಲಿ ಇಳಿದವಳೇ ಮೊದಲು ಅಮ್ಮನ ಕಾಲು ನೋಡಿದಳಂತೆ, ಆಮೇಲೆ ಮುಖ. ಆ ಸುದ್ದಿಯನ್ನು ಎಷ್ಟು ಸಲ ಹೇಳಿದರೂ ಅವರಿಗೆ ಸಾಲದು. ಕೇಳಲು ನನಗೂ ಬೇಸರವಿಲ್ಲ.

ಹೋಗುವಾಗ ಮಾತ್ರ ಬಾಗಿಲಲ್ಲಿ ನಿಂತು ಗೋಡೆಯ ಕಡೆ ನೋಡುತ್ತಾರೆ. ಕೈ ತುರಿಸುವುದು ಎದ್ದು ಕಾಣುತ್ತದೆ.

"ಮೊಹರಕ್ಕ, ಕೊಡಿ ಇಲ್ಲಿ, ಒಂದೇ ನಿಮಿಷ. ತೆಳು ಶೀಟು ಹಾಕ್ತೀನಿ. ಹಾಳಾಗುತ್ತೆ ಅದು."

"ಆಗ್ಲಿ ಬಿಡಿ," ಎನ್ನುತ್ತಾರೆ ಮೊಹರಕ್ಕ, ತಲೆಯೆತ್ತದೆ.